ಸೂಲಗಿತ್ತಿಯ ಬಾಗಿಲ ಹಿಮ

ಬಹಳ ಬಹಳ ಹಿಂದೆ, ಬೆಟ್ಟದ ನೆತ್ತಿಯ ಮೇಲೆ ಶ್ವೇತಾವತಿ ಎಂಬ ರಾಜ್ಯವಿತ್ತು. ಅಲ್ಲಿ ವರ್ಷಕ್ಕೆ ಐದು ತಿಂಗಳು ಹಿಮ ಬೀಳುತ್ತಿತ್ತು. ಧವಳವರ್ಮನೆಂಬ ರಾಜ ಅಲ್ಲಿ ಆಳುತ್ತಿದ್ದ. ಅವನು ಕೆಟ್ಟವನಲ್ಲ. ಚಳಿಗಾಲದಲ್ಲಿ ಅರಮನೆಯಿಂದ ಹೊರಗೆ ಕಾಲಿಟ್ಟವನೂ ಅಲ್ಲ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಹಿಮ ಬಿದ್ದ ಬೆಳಿಗ್ಗೆ ಸಲಿಕೆಯವರು ಮೊದಲು ರಾಜಬೀದಿಯನ್ನು ಚೊಕ್ಕಟ ಮಾಡಬೇಕು. ರಾಜನ ಸಾರೋಟು ಯಾವ ಗಳಿಗೆಯಲ್ಲಾದರೂ ಹೊರಡಬಹುದಲ್ಲ. ಅದು ಹೊರಟಿದ್ದನ್ನು ಯಾರೂ ಕಂಡಿರಲಿಲ್ಲ, ಆ ಮಾತು ಬೇರೆ. ಬೀದಿಯ ಹಿಮವನ್ನು ಪಕ್ಕದ ಕಾಲುದಾರಿಗೆ ಎಸೆಯುತ್ತಿದ್ದರು. ಕಾಲುದಾರಿ ತುಂಬಿದರೆ ಓಣಿಯ ಬಾಯಿಗೆ. ಓಣಿಯ ಜನರೂ ಕಮ್ಮಿಯಿರಲಿಲ್ಲ. ತಮ್ಮ ಬಾಗಿಲ ಹಿಮವನ್ನು ಪಕ್ಕದ ಮನೆಯತ್ತ ತಳ್ಳಿ, ಸದ್ಯ ಮುಗಿಯಿತು ಎಂದು ಒಳಗೆ ಹೋಗಿ ಬಿಸಿ ಗಂಜಿ ಕುಡಿಯುತ್ತಿದ್ದರು. ಯಾರೂ ಯಾರಿಗೂ ಕೆಟ್ಟದ್ದು ಬಯಸಿರಲಿಲ್ಲ.

ಊರಿನ ಕೋಟೆಯ ಮೇಲೆ ಥಂಡಿರಾಯನೆಂಬ ಮಾಂತ್ರಿಕನಿದ್ದ. ಒಬ್ಬರು ಇನ್ನೊಬ್ಬರ ದಾರಿಗೆ ಎಸೆದ ಹಿಮವೆಲ್ಲ ಅವನ ವಶವಾಗುತ್ತಿತ್ತು. ಚಳಿಗಾಲ ಮುಗಿಯುವವರೆಗೆ ಅದು ಬಿಸಿಲಿಗೆ ಕರಗುತ್ತಿರಲಿಲ್ಲ. ಬೇರೆಯವರು ತೆಗೆದರೆ ಬೆಳಗಾಗುವುದರೊಳಗೆ ಮತ್ತೆ ಅಲ್ಲೇ ಇರುತ್ತಿತ್ತು. ಎತ್ತರ ಬೆಳೆದ ಗುಡ್ಡೆಗಳಿಗೆ ಕಣ್ಣು ಮೂಡುತ್ತಿತ್ತು, ಕಾಲು ಮೂಡುತ್ತಿತ್ತು. ಅವು ಮೃಗಗಳಾಗಿ ದಾರಿ ಕಾಯುತ್ತಿದ್ದವು.

ಮರಿಚನ್ನ ಸಲಿಕೆಯವರಲ್ಲಿ ಒಬ್ಬ. ಅವನ ಮನೆ ರಾಜಬೀದಿಯ ಅಂಚಿನಲ್ಲಿತ್ತು. ಎದುರಿಗೇ ಬಳೆಗಾರರ ಓಣಿ. ಓಣಿಯ ತುದಿಯಲ್ಲಿ, ಅರಮನೆಯ ಹಿಂಗೋಡೆಗೆ ಅಂಟಿದಂತೆ, ಸೂಲಗಿತ್ತಿ ದೊಡ್ಡತಾಯಮ್ಮನ ಮನೆ. ಹೋದ ಚಳಿಗಾಲದಲ್ಲಿ ಮರಿಚನ್ನನ ಹೆಂಡತಿ ನಿಂಗಾಜಿಗೆ ನೋವು ಬಂದಾಗ ಆ ಮುದುಕಿ ಹಿಮ ದಾಟಿ ಬರಲಾಗಲಿಲ್ಲ. ಮಗು ಉಳಿಯಲಿಲ್ಲ. ಈಗ ನಿಂಗಾಜಿಗೆ ಮತ್ತೆ ದಿನ ತುಂಬುತ್ತಿತ್ತು. ಓಣಿ ಮತ್ತೆ ಮುಚ್ಚಿಹೋಗಿತ್ತು. ಅಡುಗೆಮನೆಯ ಕಿಟಕಿಯಿಂದ ಅವಳು ಆ ಓಣಿಯನ್ನೇ ನೋಡುತ್ತಿದ್ದಳು.

ಮರಿಚನ್ನ ಮೂರು ದಿನ ಓಣಿಯ ಬಾಯನ್ನು ತೋಡಿದ. ಮೂರು ದಿನವೂ ಬೆಳಿಗ್ಗೆ ಅದು ತುಂಬಿಕೊಂಡಿತ್ತು. ನಾಲ್ಕನೆಯ ದಿನ ಸಲಿಕೆ ಹೆಗಲಿಗೇರಿಸಿ ಕೋಟೆ ಹತ್ತಿದ. ಥಂಡಿರಾಯ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಮಾಂತ್ರಿಕರಿಗೂ ಚಳಿಯಾಗುತ್ತದೆ.

"ನಾನು ಒಂದು ಹಿಡಿ ಹಿಮಾನೂ ತಂದಿಲ್ಲ ಕಣಪ್ಪ," ಎಂದ ಥಂಡಿರಾಯ. "ನೀವು ಕೊಟ್ಟಿದ್ದನ್ನ ಇಟ್ಕೊಂಡಿದೀನಿ. ಎಸೆದ ಕೈಯೇ ಇದು ನಂದು ಅಂತ ಒಪ್ಕೊಂಡು ಎತ್ತಿದ್ರೆ ನಂಗೆ ಅದರ ಮೇಲೆ ಹಕ್ಕಿಲ್ಲ. ಆದ್ರೆ ಈ ಊರಲ್ಲಿ ಅಂಥ ಮಾತು ನಾನಂತೂ ಕೇಳಿಲ್ಲ."

ಇಷ್ಟು ಸುಲಭವಾಗಿ ಗುಟ್ಟು ಹೇಳಿಬಿಟ್ಟನಲ್ಲ ಎಂದು ಮರಿಚನ್ನನಿಗೆ ಅನುಮಾನ ಬಂತು. ಥಂಡಿರಾಯನಿಗೆ ಊರಿನವರ ಮೇಲೆ ಅಷ್ಟು ನಂಬಿಕೆಯಿತ್ತು.

ಮರಿಚನ್ನ ಇಳಿದು ಬಂದು ಓಣಿಯ ಬಾಯಲ್ಲಿ ನಿಂತ. ಅಲ್ಲಿ ಹಿಮದ ಕರಡಿಯೊಂದು ಎದ್ದು ಕೂತಿತು.

"ಯಾರ ಕೈಯ ಹಿಮ?" ಎಂದು ಕರಡಿ ಕೇಳಿತು.

ರಾಜಾಜ್ಞೆಯ ಹಿಮ ಎಂದ ಮರಿಚನ್ನ. ಕರಡಿ ಒಂದು ಮೊಳ ಬೆಳೆಯಿತು. ಸಲಿಕೆಯವರ ಹಿಮ ಎಂದ. ಇನ್ನೊಂದು ಮೊಳ ಬೆಳೆಯಿತು. ಆಗ ಅವನಿಗೆ ಹೋದ ವರ್ಷದ ಆ ಬೆಳಿಗ್ಗೆ ನೆನಪಾಯಿತು. ಬೇಗ ಕೆಲಸ ಮುಗಿಸಿ ಹೆಂಡತಿಯ ಬಳಿಗೆ ಹೋಗಬೇಕೆಂದು ಅವಸರದಲ್ಲಿ ಇದೇ ಓಣಿಯ ಬಾಯಿಗೆ ಹಿಮ ಎಸೆದವನು ಅವನೇ, ಈ ವರ್ಷ ಎಸೆದವರಲ್ಲೂ ಅವನಿದ್ದ. ವರ್ಷವಿಡೀ ಇದನ್ನು ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ.

"ನನ್ನ ಕೈಯ ಹಿಮ," ಎಂದ.

ಕರಡಿ ಕುಸಿದು ಬರೀ ಹಿಮವಾಯಿತು. ಮರಿಚನ್ನ ಅದನ್ನು ಬುಟ್ಟಿಯಲ್ಲಿ ಹೊತ್ತು ಕೋಟೆಯ ಹೊರಗಿನ ಹಳ್ಳಕ್ಕೆ ಸುರಿದ. ಸಂಜೆಯವರೆಗೆ ಹೊತ್ತ. ಮಾರನೆಯ ಬೆಳಿಗ್ಗೆ ಆ ಜಾಗ ಖಾಲಿಯಾಗಿಯೇ ಇತ್ತು.

ಓಣಿಯ ನಡುವೆ, ಬಾವಿಕಟ್ಟೆಯ ಹತ್ತಿರ, ಹಿಮದ ಟಗರು ಕಾಯುತ್ತಿತ್ತು. ಅದೂ ಯಾರ ಕೈಯ ಹಿಮ ಎಂದೇ ಕೇಳಿತು. ಮರಿಚನ್ನ ಏಳು ಮನೆಯ ಬಾಗಿಲು ತಟ್ಟಿದ. ಮೊದಲ ಮನೆಯವರು ಅದು ಎರಡನೆಯ ಮನೆಯವರದು ಎಂದರು. ಎರಡನೆಯವರು ಮೂರನೆಯವರತ್ತ ಕೈ ತೋರಿದರು. ಏಳನೆಯವರು, ಮೊದಲ ಮನೆಯಲ್ಲಿ ಕೇಳಿದಿರಾ ಎಂದರು. ಟಗರು ಬಾವಿಯ ರಾಟೆಗಿಂತ ಎತ್ತರ ಬೆಳೆಯಿತು.

ಮರಿಚನ್ನ ಬಾವಿಕಟ್ಟೆಯ ಮೇಲೆ ನಿಂತ. ಓಣಿಯ ಬಾಯಿ ಮುಚ್ಚಿದ್ದು ನಾನೇ ಎಂದ. ನನ್ನ ಮಗು ಹೋಗಿದ್ದು ಅದರಿಂದಲೇ ಎಂದ. ಆಮೇಲೆ ಮೂರನೆಯ ಮನೆಯ ಬಳೆಗಾರ್ತಿ ಹೊನ್ನಮ್ಮ ಮೊರ ಹಿಡಿದು ಬಂದಳು. ಅವಳ ಮನೆಯಲ್ಲಿ ಸಲಿಕೆ ಇರಲಿಲ್ಲ.

"ಇದ್ರಲ್ಲಿ ನಂದೂ ಐತೆ," ಎಂದಳು. "ದಿನಾ ತಳ್ಳಿದೀನಿ."

ಉಳಿದವರೂ ಒಬ್ಬೊಬ್ಬರಾಗಿ ಬಂದರು. ಟಗರು ಕುರಿಮರಿಯಷ್ಟಾಯಿತು, ಬೆಕ್ಕಿನಷ್ಟಾಯಿತು, ಇಲ್ಲವಾಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹಿಮದ ಸರ್ಪವೊಂದು ದೊಡ್ಡತಾಯಮ್ಮನ ಮನೆಯನ್ನು ಮೂರು ಸುತ್ತು ಸುತ್ತಿಕೊಂಡಿತ್ತು. ಅದು ಅರಮನೆಯ ಮಾಡಿನ ಹಿಮ. ಆಳುಗಳು ಅದನ್ನು ಗೋಡೆಯ ಆಚೆಗೆ ಎಸೆಯುತ್ತಿದ್ದರು. ಆಚೆ ಮನೆಯಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಳುಗಳೇ ಬಂದು ಎತ್ತಿದರೂ ಸರ್ಪ ಅಲುಗಲಿಲ್ಲ. ಎಸೆದಿದ್ದು ಅವರ ಕೈ, ಎಸೆಯಿಸಿದ್ದು ಬೇರೆಯವರ ಬಾಯಿ.

ಅಷ್ಟರಲ್ಲಿ ನಿಂಗಾಜಿಗೆ ನೋವು ಶುರುವಾಗಿದೆ ಎಂದು ಹೊನ್ನಮ್ಮ ಓಡಿ ಬಂದು ಹೇಳಿದಳು. ಮರಿಚನ್ನ ಅರಮನೆಗೆ ಓಡಿ, ಸೂಲಗಿತ್ತಿಯ ಮನೆ ಅರಮನೆಯ ಹಿಮದಲ್ಲಿ ಸಿಕ್ಕಿಕೊಂಡಿದೆ ಎಂದ.

ರಾಜಬೀದಿ ಕನ್ನಡಿಯ ಹಾಗಿದೆಯಲ್ಲ, ಇನ್ನೇನು ದೂರು ಎಂದ ಮಂತ್ರಿ. ನಾನು ಹುಟ್ಟಿದಾಗಿನಿಂದ ಹಿಮವನ್ನೇ ಮುಟ್ಟಿಲ್ಲ ಎಂದ ರಾಜ. ಅದು ನಿಜವಾಗಿತ್ತು.

"ಬುದ್ಧಿ," ಎಂದ ಮರಿಚನ್ನ, "ತಾವು ಹುಟ್ಟುವಾಗ ದೊಡ್ಡತಾಯಮ್ಮನೇ ಬಂದಿದ್ಲು. ಅವತ್ತು ದಾರಿ ಇತ್ತು."

ರಾಜ ಸಾರೋಟು ತರಿಸಿದ. ಸಾರೋಟು ರಾಜಬೀದಿಯಲ್ಲಿ ಚೆನ್ನಾಗಿಯೇ ಓಡಿತು. ಓಣಿಯ ಬಾಯಲ್ಲಿ ನಿಂತಿತು, ಒಳಗೆ ಹಿಡಿಸಲಿಲ್ಲ. ರಾಜ ಇಳಿದು ನಡೆದ. ಒಮ್ಮೆ ಜಾರಿದ, ಎರಡನೆಯ ಬಾರಿ ಜಾರಿದ, ಮೂರನೆಯ ಬಾರಿ ಕೂತೇಬಿಟ್ಟ. ಹೊನ್ನಮ್ಮ ಕೈಕೊಟ್ಟು ಎಬ್ಬಿಸಿದಳು. ಇದೇ ದಾರಿಯಲ್ಲಿ ನಾವು ದಿನಾ ನೀರು ಹೊರುತ್ತೇವೆ ಎಂದಷ್ಟೇ ಹೇಳಿದಳು.

"ಯಾರ ಕೈಯ ಹಿಮ?" ಎಂದಿತು ಸರ್ಪ.

ಆಳುಗಳದು ಎಂದ ರಾಜ. ಸರ್ಪ ಬಿಗಿಯಿತು. ಮನೆಯ ಹೆಂಚುಗಳು ಚಟಚಟ ಒಡೆದವು. ರಾಜ ಕಿರೀಟ ತೆಗೆದು ಮಂತ್ರಿಯ ಕೈಗೆ ಕೊಟ್ಟ.

"ನನ್ನದು," ಎಂದ.

ಮರಿಚನ್ನ ಸಲಿಕೆ ಕೊಟ್ಟ. ರಾಜ ಅದನ್ನು ತಿರುಗುಮುರುಗು ಹಿಡಿದ. ಕಿಟಕಿಯ ಸಂದಿಯಿಂದ ದೊಡ್ಡತಾಯಮ್ಮ, ಹಿಡಿ ಮೇಲಕ್ಕೆ ಬರಬೇಕು ಮಗಾ, ಎಂದಳು. ರಾಜ ಸರಿಯಾಗಿ ಹಿಡಿದು ಒಂದು ಸಲಿಕೆ ಹಿಮ ಎತ್ತಿ ಬುಟ್ಟಿಗೆ ಹಾಕಿದ. ಸರ್ಪದ ಸುತ್ತು ಒಂದೊಂದಾಗಿ ಸಡಿಲಿತು. ಕದ ತೆರೆಯಿತು. ಮುದುಕಿ ಗಂಟು ಕಂಕುಳಲ್ಲಿಟ್ಟುಕೊಂಡು ಹೊರಬಂದಳು. ರಾಜನನ್ನು ಮಾತಾಡಿಸಲು ಅವಳಿಗೆ ಪುರುಸೊತ್ತಿರಲಿಲ್ಲ. ಖಾಲಿ ಓಣಿಯಲ್ಲಿ ನಡೆದು, ಬಾವಿಕಟ್ಟೆ ದಾಟಿ, ನೆಟ್ಟಗೆ ಮರಿಚನ್ನನ ಮನೆಗೆ ಹೋದಳು. ಹೊತ್ತು ಇಳಿಯುವ ಮುಂಚೆ ಮಗು ಅತ್ತ ಸದ್ದು ಓಣಿಯ ತುದಿಯವರೆಗೂ ಕೇಳಿಸಿತು. ಹೆಣ್ಣುಮಗು. ಮರಿಚನ್ನ ಹೊಸಿಲ ಮೇಲೆ ಕೂತು ಅತ್ತುಬಿಟ್ಟ. ನಿಂಗಾಜಿ ಅಂದು ಕಿಟಕಿಯತ್ತ ನೋಡಲಿಲ್ಲ.

ಅಂದಿನಿಂದ ಪದ್ಧತಿ ತಿರುವುಮುರುವಾಯಿತು. ಮೊದಲು ಸೂಲಗಿತ್ತಿಯ ಬಾಗಿಲು, ಆಮೇಲೆ ಬಾವಿಯ ದಾರಿ, ಆಮೇಲೆ ಕಾಲುದಾರಿ, ಓಣಿ. ಎತ್ತಿದ ಹಿಮವೆಲ್ಲ ಬುಟ್ಟಿಯಲ್ಲಿ ಕೋಟೆಯ ಹೊರಗಿನ ಹಳ್ಳಕ್ಕೆ. ರಾಜಬೀದಿಗೆ ಸಲಿಕೆ ಬರುವಾಗ ಹೊತ್ತು ನೆತ್ತಿಗೇರಿರುತ್ತಿತ್ತು. ಅದರಿಂದ ರಾಜ್ಯವೇನೂ ಮುಳುಗಲಿಲ್ಲ. ವಶದಲ್ಲಿ ಹಿಮವೇ ಇಲ್ಲದೆ ಥಂಡಿರಾಯ ಕುಗ್ಗುತ್ತ ಕುಗ್ಗುತ್ತ ನಿಂಬೆಹಣ್ಣಿನಷ್ಟಾದ. ಒಂದು ಮಧ್ಯಾಹ್ನ ಬಿಸಿಲು ಕಾಯಿಸಿಕೊಳ್ಳುತ್ತಿದ್ದವನು ಹಾಗೇ ಕರಗಿಹೋದ. ಆ ಊರಿನವರು ಬೆಚ್ಚಗೆ ಉಂಡು, ಬೆಚ್ಚಗೆ ಮಲಗಿ, ನೂರು ಚಳಿಗಾಲ ಬಾಳಿದರು.

ಮರುವರ್ಷದ ಮೊದಲ ಹಿಮ ಬಿದ್ದ ಬೆಳಿಗ್ಗೆ ಮರಿಚನ್ನ ಹೊರಟಾಗ ಓಣಿ ಆಗಲೇ ಚೊಕ್ಕಟವಾಗಿತ್ತು. ತುದಿಯಲ್ಲಿ ಯಾರೋ ಕಿರೀಟ ಪಕ್ಕಕ್ಕಿಟ್ಟು, ಸಲಿಕೆ ಊರಿಕೊಂಡು ದಣಿವಾರಿಸಿಕೊಳ್ಳುತ್ತಿದ್ದರು. ಹಿಡಿ ಮೇಲಕ್ಕಿತ್ತು.