ಹೆಬ್ಬೆರಳಿನ ತಗ್ಗು

"ನಮ್ಮಪ್ಪನ ಬೆರಳೆಲ್ಲಿ?"

ಗಾಳದ ಕೋಲನ್ನು ಕೈಗೆತ್ತಿಕೊಂಡವನ ಬಾಯಿಂದ ಬಂದ ಮೊದಲ ಮಾತೇ ಅದು!

ಕೋಲನ್ನು ರಿಪೇರಿ ಮಾಡಿಟ್ಟಿದ್ದ ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಎಷ್ಟು ಚೆನ್ನಾಗಿ ಆಗಿದೆ ಅಂತಾನೆ ಎಂದುಕೊಂಡು, ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ನಗುನಗುತ್ತ ನಿಂತಿದ್ದಳು, ಪಾಪ.

"ಏನಂದ್ರಿ?"

"ಇಲ್ಲಿ, ಈ ಕಾರ್ಕ್ ಹಿಡಿ ಮೇಲೆ ಒಂದು ತಗ್ಗು ಇತ್ತಲ್ಲ! ನಮ್ಮಪ್ಪ ಜೀವಮಾನ ಪೂರ್ತಿ ಹೆಬ್ಬೆರಳು ಊರಿ ಊರಿ ಸವೆದಿದ್ದ ಜಾಗ. ಎಲ್ಲಿ ಹೋಯ್ತು ಅದು?"

ಅವನ ಬೆರಳು ಹಿಡಿಯ ಉದ್ದಕ್ಕೂ ಹುಡುಕುತ್ತಲೇ ಇತ್ತು. ಎಲ್ಲಿ ಮುಟ್ಟಿದರೂ ನುಣುಪು...

ಕೋಲು ತಂದುಕೊಟ್ಟವಳು ಅವನ ತಂಗಿ. "ಅಪ್ಪ ಹೋದಾಗಿಂದ ಅಣ್ಣ ಇದನ್ನೇ ಹಿಡ್ಕೊಂಡು ಮಂಕಾಗಿ ಕೂತಿರ್ತಾನೆ. ಹಿಡಿಯೆಲ್ಲ ಕೊಳೆ. ಹೊಸದರ ಥರ ಮಾಡ್ಕೊಡಿ, ಖುಷಿ ಪಡ್ತಾನೆ" ಎಂದಿದ್ದಳು. "ಈ ತಗ್ಗು?" ಎಂದು ಕೇಳಿದಾಗ, "ಅದನ್ನೂ ಮುಚ್ಚಿಬಿಡಿ" ಎಂದವಳೂ ಅವಳೇ.

ಅವನು ಗಿರ್ರನೆ, ಜೊತೆಗೆ ಬಂದಿದ್ದ ತಂಗಿಯ ಕಡೆ ತಿರುಗಿದ. "ನೀನು ಹೇಳಿದ್ಯಾ, ಮುಚ್ಚಿ ಅಂತ?"

"ಇಲ್ಲಣ್ಣ... ತೊಳೆದುಕೊಡಿ ಅಂದೆ, ಅಷ್ಟೇ."

ಎಂಥಾ ಸುಳ್ಳು! ಆದರೆ ಅಣ್ಣ ಈ ಕಡೆ ತಿರುಗಿದ್ದೇ ತಡ, ಅವನ ಬೆನ್ನ ಹಿಂದೆ ಆ ಹುಡುಗಿ ಎರಡೂ ಕೈ ಜೋಡಿಸಿ ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ.

ತುಟಿಯವರೆಗೆ ಬಂದಿದ್ದ ಮಾತನ್ನು ನಮ್ಮ ಹುಡುಗಿ ನುಂಗಿಕೊಂಡಳು.

"ತಪ್ಪು ನನ್ನದೇ. ನಿಮ್ಮನ್ನ ಕೇಳಬೇಕಿತ್ತು..."

"ನಿಮಗೆ ಅದು ಕೊಳೆ! ನಾನು ಪ್ರತಿ ಭಾನುವಾರ ಕೆರೆ ದಂಡೆ ಮೇಲೆ ಕೂತು, ಆ ತಗ್ಗಿನಲ್ಲಿ ಬೆರಳಿಟ್ಟು, ಅಪ್ಪನ ಕೈ ಹಿಡ್ಕೊಂಡಿರ್ತಿದ್ದೆ ಕಣ್ರೀ... ಇಟ್ಕೊಳ್ಳಿ ಇದನ್ನ. ಇದು ನಮ್ಮಪ್ಪನ ಕೋಲಲ್ಲ."

ಕೋಲನ್ನು ಮೇಜಿನ ಮೇಲಿಟ್ಟು ಹೊರಟೇಹೋದ. ತಂಗಿ ಅಳುತ್ತ ಹಿಂದೆಯೇ ಓಡಿದಳು.

ಮೂಲೆಯಲ್ಲಿ ಬೇರೊಂದು ಕೋಲಿಗೆ ದಾರ ಸುತ್ತುತ್ತಿದ್ದ ಚಿಕ್ಕಪ್ಪ ತಲೆಯೆತ್ತಿದರು. ಕೋಲು ರಿಪೇರಿಯ ಈ ಪುಟ್ಟ ವರ್ಕ್‌ಶಾಪ್ ಅವರದು; ಅವಳನ್ನು ಸಾಕಿದವರೂ ಅವರೇ.

"ಇವನು ಆ ಕನ್ನಡಕದಂಗಡಿಯವನಲ್ವಾ? ಊರಿಗೆಲ್ಲ ಕನ್ನಡಕ ಹಾಕ್ತಾನೆ, ಎದುರಿಗೆ ನಿಂತವಳ ಮುಖ ಮಾತ್ರ ಕಾಣಲ್ಲ ಮಹಾರಾಯನಿಗೆ! ನೀನ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡೆ?"

"ಸುಮ್ನಿರಿ ಚಿಕ್ಕಪ್ಪ. ಆ ತಗ್ಗಿನಲ್ಲಿ ನನ್ನ ಬೆರಳೂ ಕೂತಿತ್ತು. ಕೂತ ಕೂಡಲೇ ಗೊತ್ತಾಗಿತ್ತು, ಇದು ಯಾರದೋ ಕೈ ಅಂತ. ಆದ್ರೂ ಮುಚ್ಚಿದೆ."

ಅವಳ ಅಪ್ಪ ತೀರಿಕೊಂಡಾಗ ಅವಳಿನ್ನೂ ತೊಟ್ಟಿಲ ಕೂಸು. ಅಪ್ಪ ಮುಟ್ಟಿದ್ದು ಎಂದು ತೋರಿಸಲು ಒಂದು ಚಮಚವೂ ಮನೆಯಲ್ಲಿಲ್ಲ. 'ಅವರಿಗೆ ಉಳಿದಿದ್ದು ಅಷ್ಟೇ ಅಷ್ಟು. ಅದನ್ನೂ ನಾನೇ ಕಿತ್ಕೊಂಡೆನಲ್ಲ...' ಅನ್ನ ಸೇರಲಿಲ್ಲ ಅವತ್ತು.

ಕಾರ್ಕ್ ಮೈತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಉಜ್ಜಿದಾಗ ಉದುರುವ ಪುಡಿಯನ್ನೇ ಅಂಟಿನಲ್ಲಿ ಕಲಸಿ ಆ ತೂತುಗಳಿಗೆ ತುಂಬಬೇಕು, ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಲ್ಲಿ ನಯ ಮಾಡಬೇಕು, ಕೊನೆಗೆ ಬೆವರು ಕೊಳೆ ಒಳಗಿಳಿಯದಂತೆ ತೆಳ್ಳಗೆ ಸೀಲರ್ ಬಳಿಯಬೇಕು. ಇಷ್ಟೇ ಅವಳ ಕೆಲಸ. ತಗ್ಗು ಹೋಗಬೇಕೆಂದರೆ ಹಿಡಿಯನ್ನೇ ಲೇತ್ ಯಂತ್ರಕ್ಕೆ ಕೊಟ್ಟು ಸುತ್ತಲೂ ಹೆರೆದು ಸಣ್ಣ ಮಾಡಿಬಿಡಬಹುದಿತ್ತು. ಅವಳಿಗೆ ಮನಸ್ಸು ಬಂದಿರಲಿಲ್ಲ. ಪುಡಿ ತುಂಬಿ ಮುಚ್ಚಿದ್ದಳು.

ಅಂದರೆ...

ಅವಳು ಧಡಕ್ಕನೆ ಎದ್ದು ನಿಂತಳು. "ಚಿಕ್ಕಪ್ಪ! ಬೆರಳು ಎಲ್ಲೂ ಹೋಗಿಲ್ಲ. ಒಳಗೇ ಇದೆ!"

ಚಿಕ್ಕಪ್ಪ ತಲೆಯಾಡಿಸಿದರು. "ಅಂಟು ಕಚ್ಚಿರುತ್ತೆ ಪುಟ್ಟಿ. ಕೆರೆಯೋಕೆ ಹೋದ್ರೆ ಹಳೇ ಕಾರ್ಕೂ ಚೂರು ಚೂರಾಗಿ ಎದ್ದು ಬರಬಹುದು. ಆಮೇಲೆ ಅದೂ ಇಲ್ಲ, ಇದೂ ಇಲ್ಲ."

ಈ ಸಲ ಅವನನ್ನು ಕೇಳದೆ ಮುಟ್ಟುವುದಿಲ್ಲ ಎಂದು ನಿರ್ಧರಿಸಿ, ಮರುದಿನ ಬೆಳಿಗ್ಗೆ ಕೋಲನ್ನು ಹೆಗಲಿಗೇರಿಸಿಕೊಂಡು ಅವಳೇ ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದಳು. ಅವನು ಕತ್ತು ಎತ್ತಲಿಲ್ಲ. ತಗ್ಗು ಒಳಗೇ ಇದೆ, ತುಂಬಿದ ಪುಡಿಯನ್ನು ಕೆರೆದು ತೆಗೆದು ನೋಡಬಹುದು ಎಂದಳು. ಹಾಳಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಅವನು ಒರೆಸುತ್ತಿದ್ದ ಕನ್ನಡಕವನ್ನು ಕೆಳಗಿಟ್ಟು ತಲೆಯೆತ್ತಿದ.

"ಹಾಳಾದ್ರೆ?"

"ನಿಮ್ಮ ಕಣ್ಣೆದುರಿಗೇ ಹಾಳಾಗುತ್ತೆ. ನಿಮಗೆ ಗೊತ್ತಿಲ್ಲದ ಹಾಗೆ ಇನ್ನೇನೂ ಮಾಡಲ್ಲ."

ಊಟದ ಬಿಡುವಿನಲ್ಲಿ ಅವನು ಬಂದ. ಮಾರನೆ ದಿನವೂ ಬಂದ. ಅವಳು ಸೂಜಿಯಂಥ ಬ್ಲೇಡಿನಿಂದ ಸೀಲರ್ ಬಿಡಿಸಿ, ಒಣಗಿದ ಪುಡಿಯನ್ನು ಕಣಕಣವಾಗಿ ಕೆರೆಯುವಳು. ಅವನು ಅಂಗಡಿಯಿಂದ ತಂದ ಭೂತಗನ್ನಡಿಯನ್ನು ಅಲುಗಾಡದಂತೆ ಹಿಡಿಯುವನು. ಮೊದಮೊದಲು ಮಾತೇ ಇಲ್ಲ. ಆಮೇಲೆ ಒಂದೊಂದೇ...

"ನಮ್ಮಪ್ಪ ಹಿಡಿದ ಮೀನನ್ನೆಲ್ಲ ವಾಪಸ್ ನೀರಿಗೇ ಬಿಡ್ತಿದ್ರು. ಅಮ್ಮ ಬೈಯೋಳು, ಇಷ್ಟಕ್ಕಾ ಬೆಳಿಗ್ಗೆಯಿಂದ ತಪಸ್ಸು ಮಾಡಿದ್ದು ಅಂತ!"

ಅವಳು ನಕ್ಕಳು. ಬ್ಲೇಡು ಜಾರದಂತೆ ಕೈ ಮಾತ್ರ ಗಟ್ಟಿ ಹಿಡಿದಿದ್ದಳು. ಆ ಕೈಯನ್ನೇ ಅವನು ನೋಡುತ್ತಿದ್ದ. ಅಯ್ಯೋ, ನೋಡಲೇಬೇಕಲ್ಲ, ಭೂತಗನ್ನಡಿ ಅವನ ಕೈಯಲ್ಲೇ ಇತ್ತು!

'ಇವರು ನನ್ನನ್ನ ಕ್ಷಮಿಸಿದ್ರೆ ಸಾಕು' ಅಂದುಕೊಂಡಿದ್ದವಳಿಗೆ, ಈಗ ಮಧ್ಯಾಹ್ನವಾದರೆ ಸಾಕು, ಕಣ್ಣು ಬಾಗಿಲಿಗೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಬ್ಲೇಡಿನ ಕೆಳಗೆ ಪುಡಿಯ ಬಣ್ಣ ಬದಲಾಯಿತು. ತಿಳಿ ಕಂದು ಹೋಗಿ ಹಳೆ ತಗ್ಗಿನ ಕಪ್ಪುಗಂದು ಇಣುಕಿತು.

ಅವಳು ಇನ್ನೂ ಮೆಲ್ಲಗೆ ಕೆರೆದಳು. ಅಂಚಿನಲ್ಲಿ ಹಳೆ ಕಾರ್ಕ್‌ನ ಒಂದು ಚೂರು ಪಟಕ್ಕನೆ ಎದ್ದು ಬಂತು. "ಅಯ್ಯೋ!" ಕಣ್ಣಲ್ಲಿ ನೀರು ತುಂಬಿತು, ಮುಂದಿನದು ಮಂಜುಮಂಜಾಯಿತು.

"ನಿಲ್ಲಿಸಬೇಡಿ. ನಾನು ನೋಡ್ತಾ ಇದ್ದೀನಿ. ಮುಂದುವರಿಸಿ."

ಅವಳು ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಕೆರೆದಳು. ಕಣ ಕಣ... ಕಣ ಕಣ... ಕೊನೆಗೆ ಮೆತ್ತನೆ ಬ್ರಷ್‌ನಿಂದ ಗುಡಿಸಿ, ಕೋಲನ್ನು ಅವನ ಕಡೆ ಸರಿಸಿದಳು.

"ಸುತ್ತ ಉಜ್ಜಿಬಿಟ್ಟಿದ್ದೆನಲ್ಲ, ಮೊದಲಿನಷ್ಟು ಆಳ ಇಲ್ಲ... ಹೊಟ್ಟೆಗೆ ಹಾಕ್ಕೊಳ್ಳಿ."

ಅವನು ಹೆಬ್ಬೆರಳಿಟ್ಟ. ಅದು ತಾನಾಗಿಯೇ ಹೋಗಿ ಕೂತಿತು.

"ಅಪ್ಪಾ..." ಎಂದವನು ಮೇಜಿಗೆ ಹಣೆಯೂರಿ ಮಗುವಿನಂತೆ ಅತ್ತುಬಿಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ತಂಗಿಗೆ ತಡೆಯಲಾಗಲಿಲ್ಲ. "ಅಣ್ಣ, ಮುಚ್ಚಿ ಅಂದಿದ್ದು ನಾನು! ಇವರು ತಗ್ಗನ್ನ ಏನು ಮಾಡ್ಲಿ ಅಂತ ಕೇಳೇ ಕೇಳಿದ್ರು. ನಿನ್ನ ಮುಖ ನೋಡಿ ಹೆದರಿಕೊಂಡು ಸುಳ್ಳು ಹೇಳಿದೆ..."

ಅವನು ತಂಗಿಯನ್ನು ಬೈಯಲಿಲ್ಲ. ಹತ್ತಿರ ಕರೆದು ಅವಳ ತಲೆಯನ್ನು ಎದೆಗೊತ್ತಿಕೊಂಡ. ಮೂಲೆಯಿಂದ ಎದ್ದು ಬಂದ ಚಿಕ್ಕಪ್ಪ, "ಬಾಮ್ಮ, ಮುಖ ತೊಳ್ಕೊ" ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಬಹಳ ಬುದ್ಧಿವಂತರು ಚಿಕ್ಕಪ್ಪ!

"ನನ್ನ ಹತ್ರ ಅಷ್ಟು ಅನ್ನಿಸಿಕೊಂಡ್ರಿ. ಯಾಕೆ ಹೇಳ್ಲಿಲ್ಲ?"

"ಅಪ್ಪನ್ನ ಕಳ್ಕೊಂಡಿದ್ರಿ. ತಂಗೀನೂ ದೂರ ಆಗೋದು ಬೇಡ ಅನ್ನಿಸ್ತು."

ಅವಳು ಸೀಲರ್ ಸೀಸೆಯ ಮುಚ್ಚಳ ತಿರುಗಿಸುತ್ತ ಕೆಲಸದ ದನಿಗೆ ಬಂದಳು.

"ತಗ್ಗಿಗೂ ಸೀಲರ್ ಹಚ್ಲಾ? ಹಚ್ಚಿದ್ರೆ ಬೇಗ ಸವೆಯಲ್ಲ, ಹೆಚ್ಚುಕಮ್ಮಿ ಹೀಗೇ ಉಳಿಯುತ್ತೆ. ಬಿಟ್ರೆ ನಿಮ್ಮ ಬೆರಳು ತಾಗಿ ತಾಗಿ ಇನ್ನೂ ಸವೆಯುತ್ತೆ. ಆಮೇಲೆ ಅಪ್ಪನದೆಷ್ಟು, ನಿಮ್ಮದೆಷ್ಟು ಅಂತ ಗೊತ್ತಾಗಲ್ಲ."

"ಗೊತ್ತಾಗೋದು ಬೇಡ. ಉಳಿದ ಕಡೆ ಹಚ್ಚಿ. ಅಲ್ಲಿ ಬಿಡಿ."

"ಕೊಳೆ ಹಿಡಿಯುತ್ತೆ. ಆಗಾಗ ತಂದು ತೋರಿಸ್ಬೇಕು."

"ದಿನಾ ತರ್ತೀನಿ." ಅವನು ಭೂತಗನ್ನಡಿಯನ್ನು ಪಕ್ಕಕ್ಕಿಟ್ಟ. "ಸುತ್ತಿಬಳಸಿ ಹೇಳೋಕೆ ನನಗೆ ಬರಲ್ಲ. ನೀವಂದ್ರೆ ನನಗೆ ಇಷ್ಟ. ನೀವಿಲ್ಲದ ಮಧ್ಯಾಹ್ನ ನನಗಿನ್ನು ಬೇಡ."

ಅವಳ ಕೈಯಲ್ಲಿದ್ದ ಮುಚ್ಚಳ ಉರುಳಿಹೋಯಿತು. "ನನಗೂ..." ಅಂದಳು, ಅಷ್ಟೇ.

ಅವನು ಕೋಲನ್ನು ಅವಳ ಕೈಗಿಟ್ಟ. "ನೀವೂ ಬೆರಳಿಡಿ."

"ಅಯ್ಯೋ, ಅದು ನಿಮ್ಮಪ್ಪನ ಜಾಗ!"

"ಅದಕ್ಕೇ. ಅವರಿಗೆ ನಿಮ್ಮನ್ನ ತೋರಿಸೋಕೆ ನನಗೆ ಬೇರೆ ದಾರಿ ಇಲ್ಲ."

ಅವಳು ಏಪ್ರನ್‌ಗೆ ಕೈ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೆಬ್ಬೆರಳನ್ನು ತಗ್ಗಿನಲ್ಲಿಟ್ಟು ಕಣ್ಣು ಮುಚ್ಚಿದಳು.

"ಏನಂತಾರೆ ಅಪ್ಪ?"

"ಕೈ ಬಿಡಬೇಡ ಅಂತಾರೆ."

"ಯಾರಿಗೆ? ನನಗಾ, ನಿಮಗಾ?"

"ಇಬ್ಬರಿಗೂ."