ಕತ್ತರಿಸಿದ ಅಂಕಿತ

“ಇದರ ಅಂಕಿತ ಎಲ್ಲಿ ಹೋತು?”

ಕೋಣೆಯಲ್ಲಿ ಯಾರೂ ಇರಲಿಲ್ಲ. ಪಿಎಸ್‌ಐ ನೇತ್ರಾವತಿ ಕಿವಿಯಿಂದ ಇಯರ್‌ಫೋನ್ ತೆಗೆದಳು. ತಾನು ಬಾಯಿಬಿಟ್ಟು ಕೇಳಿದ್ದು ತನಗೇ ಕೇಳಿಸಿ ಪೆನ್ನು ಕೆಳಗಿಟ್ಟಳು.

ಅವಳ ಮುಂದಿದ್ದ ಹಾಳೆಯಲ್ಲಿ ನಾಲ್ಕು ಸಾಲು. ಫೋನುಗಳಲ್ಲಿ ಹರಿದಾಡಿದ ಒಂದು ಧ್ವನಿ ತುಣುಕನ್ನು ಅಕ್ಷರಕ್ಕಿಳಿಸುವ ಕೆಲಸ ಅವಳದು. ಸಂಜೆ ಹೊರಗಿನ ತನಿಖಾ ತಂಡ ಬರುವುದಿತ್ತು. ಈ ಹಾಳೆಯ ಜೊತೆಗೆ ಒಬ್ಬ ಮನುಷ್ಯನನ್ನೂ ಅವರ ಕೈಗೆ ಒಪ್ಪಿಸಬೇಕಿತ್ತು.

ದೂರದ ಮಹಾನಗರದ ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದಿತ್ತು. ಸತ್ತವರಲ್ಲಿ ಕುಷ್ಟಗಿ ಕಡೆಯಿಂದ ದುಡಿಯಲು ಹೋದ ಇಬ್ಬರಿದ್ದರು. ಅವರ ಹೆಣ ಊರಿಗೆ ಬಂದ ದಿನವೇ ಈ ತುಣುಕು ತೂಬಿನಾಳ ಠಾಣೆಗೆ ಬಂತು. ಗಂಗಾವತಿ ಸೀಮೆಯ ಭತ್ತದ ಊರು ತೂಬಿನಾಳ. ಕಾಲುವೆಯೇ ಅದರ ಉಸಿರು. ತುಣುಕಿನಲ್ಲಿ ನೀರಿನ ಮಾತಿತ್ತು, ನೆತ್ತರಿನ ಮಾತಿತ್ತು. ಧ್ವನಿ ಅಕ್ಕಿ ಗಿರಣಿಯ ಹಮಾಲ ಮೌಲಾಹುಸೇನನದು. ಅಂದೇ ಕಾಲುವೆಯ ತೂಬಿಗೆ ಬಂದೂಕಿನ ಕಾವಲು ಬಿತ್ತು. ಮೌಲಾಹುಸೇನ ಒಳಗೆ ಬಿದ್ದ. ಅವನನ್ನು ಇನ್ನೂ ಕೋರ್ಟಿನ ಮುಂದೆ ನಿಲ್ಲಿಸಿರಲಿಲ್ಲ. ಕೇಳಿದವರಿಗೆ, ‘ವಿಚಾರಣೆಗೆ ತಾನಾಗಿಯೇ ಬಂದು ಕೂತಿದ್ದಾನೆ’ ಎಂಬ ಉತ್ತರ.

“ರಿವಾಯತ್ ಪದ ರಿ ಅದು, ಮೊಹರಮ್ಮಿಂದು, ಅಲಾಯಿ ಹಬ್ಬದ್ದು,” ಎಂದು ಮೌಲಾಹುಸೇನ ಮೊದಲ ದಿನವೇ ಹೇಳಿದ್ದ.

“ಸಿಕ್ಕವ್ರೆಲ್ಲಾ ಹಿಂಗ ಏನರೆ ಒಂದು ಹೇಳ್ತಾರ,” ಎಂದಿದ್ದರು ಡಿವೈಎಸ್‌ಪಿ ಗುರುಬಸವ.

ತುಣುಕಿನಲ್ಲಿ ರಾಗವಿರಲಿಲ್ಲ, ಹಲಗೆ ಬಡಿತದ ಸದ್ದಿರಲಿಲ್ಲ. ಬರೀ ಏರುದನಿಯ ಮಾತು. ನೇತ್ರಾವತಿಗೂ ಬೆದರಿಕೆಯೇ ಕೇಳಿಸಿತ್ತು. ವರದಿಯಲ್ಲಿ ಹಾಗೆಯೇ ಬರೆದಿದ್ದಳು. ಈಗ ಹಾಳೆಗೆ ಇಳಿಸುವಾಗ ಮಾತು ತಾನಾಗಿಯೇ ಸಾಲು ಸಾಲಾಗಿ ಮುರಿಯಿತು.

ನೀರ ತಡದ ನಿಂತಾರ ವೈರಿಗಳು ದಂಡಿಗೆ
ಊರ ಬಿಟ್ಟ ಬಂದೀವಿ, ಹಿಂದಕ ಹೋಗೂ ಮಾತಿಲ್ಲ
ಹಾರತಾವ ನಾಳಿ ತಲಿ, ಎದಿ ಗಟ್ಟಿ ಮಾಡಿಕೊಳ್ರಿ
ತೀರಸೂನು ಋಣ ನಾವು ನೆತ್ತರದಾಗ

ನೀರ, ಊರ, ಹಾರ, ತೀರ. ಬೆದರಿಕೆ ಹಾಕುವವನು ಪ್ರಾಸ ಹುಡುಕುವುದಿಲ್ಲ.

ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಅವಳ ಅಜ್ಜ ಹಂಪಣ್ಣ ರಿವಾಯತ್ ಹಾಡುತ್ತಿದ್ದ. ನೀರು ಕೊಡದೆ ಕೊಂದ ಕರ್ಬಲಾದ ಕಥೆಯನ್ನು ಅವಳು ಅವನ ತೊಡೆಯ ಮೇಲೆ ಮಲಗಿ ಕೇಳಿದವಳು. ಪದದ ನಡುವೆ ಹಲಗೆ ನಿಲ್ಲುತ್ತದೆ. ಒಬ್ಬ ಮಾತಿನಲ್ಲೇ ಕಥೆ ಹೇಳುತ್ತಾನೆ. ಆಮೇಲೆ ಅಂಕಿತ ಬರುತ್ತದೆ. ಪದ ಕಟ್ಟಿದವನ ಗುರುವಿನ ಹೆಸರು ಹೇಳುವ ಕೊನೆಯ ಸಾಲು ಅದು. “ಅಂಕಿತ ಇಲ್ಲದ ಪದ ಅಂದ್ರ ಮಣ್ಣು ಕಾಣದ ಹೆಣ,” ಎನ್ನುತ್ತಿದ್ದ ಅಜ್ಜ.

ಇಲ್ಲಿ ಅದು ಇರಲಿಲ್ಲ. ಯಾರೋ ಕತ್ತರಿಸಿದ್ದರು. ಅಪರಾಧ ನಡೆದದ್ದು ನಿಜ. ಮಾಡಿದವನು ಮಾತ್ರ ಹೊರಗಿದ್ದ.

ಮತ್ತೆ ಕೇಳಿದಳು. ಮೌಲಾಹುಸೇನನ ಧ್ವನಿ ದೂರದಿಂದ ಬರುತ್ತಿತ್ತು. ಕೊನೆಯಲ್ಲಿ, ತೀರ ಹತ್ತಿರದಲ್ಲಿ, ಯಾರೋ ಉಸಿರೆಳೆದರು. ಉಸಿರಿನೊಳಗೆ ಸಣ್ಣ ಸಿಳ್ಳು. ಆಮೇಲೆ ಮೌನ.

*

“ಸರ್, ಇದು ಪದ. ಯಾರೋ ಕತ್ತರಿಸ್ಯಾರ.”

ಗುರುಬಸವ ಹಾಳೆ ಓದಿ ಮೇಜಿನ ಮೇಲಿಟ್ಟರು. “ಇವನ್ನ ಬಿಟ್ವಿ ಅನ್ಕೋರಿ. ನಾಳಿ ಖರೇನ ಕಾಲುವಿ ಒಡೀತು. ಆವಾಗ? ಒಬ್ಬ ಮನುಷ್ಯಾಂದು ನಾಕು ದಿನ ಒಂದು ಕಡಿ, ಇಷ್ಟೂರಿನ ಜೀವ ಒಂದು ಕಡಿ. ತೂಗಿ ನೋಡ್ರಿ.”

“ತೂಗೂನ್ರಿ ಸರ್. ಆದ್ರ ತಕ್ಕಡಿನೂ ನಮ್ಮದು, ಕಲ್ಲೂ ನಮ್ಮವು.”

ಗುರುಬಸವ ಸಿಟ್ಟಾಗಲಿಲ್ಲ. ಕುಷ್ಟಗಿಯ ಆ ಎರಡು ಹೆಣಗಳ ಮುಂದೆ ನಿಂತು ಬಂದವರು ಅವರು. “ಸಂಜಿಗೆ ಗಾಡಿ ಬರ್ತದ. ಅವ್ರ ಕೈಗೆ ಹೋದ್ರ ನಂದೂ ನಡಿಯಂಗಿಲ್ಲ. ಭಯೋತ್ಪಾದನೆ ಕಾಯಿದೆಯೊಳಗ ಜಾಮೀನು ಅಂದ್ರ ವರ್ಷಗಟ್ಟಲೆ. ಅಷ್ಟರಾಗ ಕತ್ತರಿಸಿದವನ್ನ ತಂದು ನಿಲ್ಲಸ್ರಿ. ಬರೇ ಪ್ರಾಸ ತಗೊಂಡು ಬಂದ್ರ ಆಗಂಗಿಲ್ಲ.”

*

ತುಣುಕನ್ನು ಠಾಣೆಗೆ ಕಳಿಸಿದವನು ಅಕ್ಕಿ ಗಿರಣಿಯ ಮ್ಯಾನೇಜರ್ ಪ್ರಭುರಾಜ. ಜೀಪು ಓಡಿಸುತ್ತಿದ್ದ ಕಾನ್‌ಸ್ಟೇಬಲ್ ಹನುಮೇಶನಿಗೆ ಅವನ ಮೇಲೆಯೇ ಗುಮಾನಿ.

“ಹೋದ ಸುಗ್ಗಿಗೆ ಹಮಾಲರು ಕೆಲಸ ನಿಲ್ಲಿಸಿದ್ರಲ್ರಿ ಮೇಡಂ, ಮೌಲಾನ ಮುಂದ ನಿಂತು ಮಾತಾಡಿದ್ದ. ಇವ ಹಾವಿನ್ಹಂಗ, ಮರೆಯೂ ಪೈಕಿ ಅಲ್ಲ.”

ಪ್ರಭುರಾಜ ಕುರ್ಚಿ ಎಳೆದು ಹಾಕಿದ. “ಬರ್ರಿ ಮೇಡಂ. ಚಾ ಹೇಳ್ಲೇನು?”

“ಬ್ಯಾಡ. ಇದು ನಿಮಗ ಎಲ್ಲಿಂದ ಬಂತು?”

“ಹಮಾಲರ ಗ್ರೂಪಿನಾಗ. ಯಾವುದೋ ಹೊಸ ನಂಬರು. ಹಾಕಿದವ ಆಮ್ಯಾಲ ಅಳಿಸಿಬಿಟ್ಟ. ನಾ ಅಷ್ಟರಾಗ ಇಳಿಸ್ಕೊಂಡಿದ್ದೆ. ದೇಶದ ಪರಿಸ್ಥಿತಿ ಹಿಂಗೈತಿ, ಕಳಿಸಿದೆ. ತಪ್ಪೇನ್ರಿ?”

“ಕಳಿಸಿದ್ದು ತಪ್ಪಲ್ಲ. ಕೇಳಿದಾಗ ಏನ ಅನಸ್ತು?”

“ತೂಬು ಒಡೀತೀವಿ ಅಂತ ಸಾಫ್ ಹೇಳ್ಯಾನಲ್ರಿ.”

ನೇತ್ರಾವತಿ ತುಣುಕು ಹಾಕಿದಳು. ಮುಗಿಯಿತು. “ಇದರಾಗ ತೂಬು ಅನ್ನೂ ಮಾತು ಎಲ್ಲೈತಿ?”

“ಇನ್ನೊಮ್ಮಿ ಹಚ್ರಿ.” ಅವನು ತಲೆ ವಾಲಿಸಿ ಕೇಳಿದ. ಹಣೆ ಗಂಟಿಕ್ಕಿದ. “ಇತ್ತಲ್ರಿ... ನಾ ಕೇಳಿದ್ದೆ.”

ಅವಳು ಅವನ ಮುಖ ನೋಡಲಿಲ್ಲ. ಅವಳ ವರದಿಯಲ್ಲೂ ಆ ಪದವಿತ್ತು. ‘ಕಾಲುವೆಯ ತೂಬನ್ನು ಒಡೆಯುವ ಸಂಚು’ ಎಂದು ಅವಳ ಕೈಯೇ ಬರೆದಿತ್ತು. ತುಣುಕಿನಲ್ಲಿ ಇಲ್ಲದ್ದನ್ನು ಇಬ್ಬರೂ ಕೇಳಿಸಿಕೊಂಡಿದ್ದರು.

“ಇದರ ಮುಂದಿಂದು ಏನು, ಪ್ರಭುರಾಜ?”

“ಮುಂದಿಂದೇನ್ರಿ? ಭಾಷಣ ಅಷ್ಟ ಅಲ್ಲೇನು?”

ಹೊರಗೆ ಬಂದ ಮೇಲೆ ಹನುಮೇಶ ಕೇಳಿದ. “ಎತ್ತಿ ಹಾಕ್ಕೊಳ್ಳೂನೇನ್ರಿ?”

“ಇವ ಅಲ್ಲ. ಇವಗ ಇದು ಪದ ಅಂತನ ಗೊತ್ತಿಲ್ಲ. ಗೊತ್ತಿಲ್ಲದವ ಕತ್ತರಿಸಿದ್ರ ಮಾತಿನ ನಡುವ ಕತ್ತರಿ ಬೀಳ್ತಿತ್ತು. ಕತ್ತರಿಸಿದವಗ ಪದ ಬಾಯಿಪಾಠ ಐತಿ.”

*

ಅಲಾಯಿ ದೇವರ ಗುಡಿಯ ಮುಂದೆ ಮುದುಕವ್ವ ಕಸ ಗುಡಿಸುತ್ತಿದ್ದಳು. ಹಬ್ಬ ಹತ್ತಿರ ಬಂದಿತ್ತು. ಬೆಂಕಿಯ ಕುಣಿಗೆ ಮಣ್ಣು ತೋಡಿ ಬದಿಗೆ ಹಾಕಿದ್ದರು. ಹಬ್ಬದ ಹಾಡು ಒಂದನ್ನೂ ತಪ್ಪಿಸದ ಮುದುಕಿ ಎಂದು ಹನುಮೇಶ ದಾರಿಯಲ್ಲೇ ಹೇಳಿದ್ದ.

“ಬಾರವಾ ಪೊಲೀಸವ್ವ. ದೇವರನ್ನೂ ಒಳಗ ಹಾಕಾಕ ಬಂದೀಯೇನು?”

ಹನುಮೇಶ ನಕ್ಕುಬಿಟ್ಟ. ಮೇಡಂ ಮುಖ ನೋಡಿ ಕೆಮ್ಮಿದ.

ನೇತ್ರಾವತಿ ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಕೂತಳು. ಫೋನನ್ನು ಮುದುಕಿಯ ಕಿವಿಗೆ ಹಿಡಿದಳು. ಮುದುಕವ್ವ ಕಣ್ಣು ಮುಚ್ಚಿ ಕೇಳಿದಳು. ತುಣುಕು ಮುಗಿದರೂ ಕಣ್ಣು ತೆರೆಯಲಿಲ್ಲ.

“ಯಾಕ ನಿಂತಿತು? ಗಾಳೆಪ್ಪ ಎತ್ತಿಕೊಳ್ಳಬೇಕಲ್ಲ ಈಗ?”

“ಯಾವ ಗಾಳೆಪ್ಪ, ಅವ್ವಾ?”

“ಹಿಟ್ಟಿನ ಗಿರಣಿಯಾವ. ಮಾತು ಮೌಲಾಂದು, ಅಂಕಿತ ಗಾಳೆಪ್ಪಂದು. ಜೋಡೆತ್ತಿನ್ಹಂಗ ಇದ್ರವಾ. ಈ ವರ್ಷ ಹಿರ್ಯಾರು ಅಂಕಿತಾನೂ ಮೌಲಾಗ ಕೊಟ್ಟುಬಿಟ್ರು. ಗಾಳೆಪ್ಪನ ಎದ್ಯಾಗ ಹಿಟ್ಟು ಕುಂತೈತಿ, ಉಸರು ಸಿಳ್ಳು ಹೊಡೀತೈತಿ, ಹಾಡಾಕ ಆಗಂಗಿಲ್ಲ ಅಂತ.”

“ಗಾಳೆಪ್ಪ ಏನಂದ?”

“ಏನೂ ಅನ್ನಲಿಲ್ಲ. ಬೈದಿದ್ರ ಛಲೋ ಇತ್ತು.” ಮುದುಕವ್ವ ಪೊರಕೆ ಎತ್ತಿಕೊಂಡಳು. “ಇದು ಪದ ಅಂತ ಊರಾಗ ಯಾರನ್ನ ಕೇಳಿದ್ರೂ ಹೇಳ್ತಿದ್ರು. ನೀವು ಒಬ್ರೂ ಕೇಳಾಕ ಬರಲಿಲ್ಲ.”

“ನೀವ ಬಂದು ಹೇಳಬಹುದಿತ್ತಲ್ಲವಾ?”

ಪೊರಕೆ ನಿಂತಿತು. “ಅಂಜಿದ್ವಿ. ಬಾಂಬಿನ ಕೇಸು ಅಂದ್ರು. ಮೌಲಾನ ಹೇಣ್ತಿ ಬಂದು ಬಾಗಲಾ ಬಡದ್ಲು. ನಾ ತೆಗೀಲಿಲ್ಲ.”

*

ಬಿಸಿಲು ಇಳಿಯುತ್ತಿತ್ತು. ನೇತ್ರಾವತಿಯ ಜೊತೆ ಗುರುಬಸವ ತಾವೇ ಬಂದರು. ಹಿಟ್ಟಿನ ಗಿರಣಿಯ ಪಟ್ಟಾ ಗಡಗಡ ತಿರುಗುತ್ತಿತ್ತು. ಗಾಳೆಪ್ಪನ ಹುಬ್ಬು, ರೆಪ್ಪೆ ಎಲ್ಲ ಬಿಳಿ. ಪೊಲೀಸರನ್ನು ಕಂಡು ಸ್ವಿಚ್ಚು ಆರಿಸಿದ.

ನೇತ್ರಾವತಿ ಫೋನನ್ನು ಜೋಳದ ಚೀಲದ ಮೇಲಿಟ್ಟು ತುಣುಕು ಹಾಕಿದಳು. ಮೌಲಾಹುಸೇನನ ಧ್ವನಿ. ಕೊನೆಗೆ ಆ ಉಸಿರು. ಸಿಳ್ಳು. ಮೌನ.

ಆ ಮೌನದಲ್ಲಿ ಗಾಳೆಪ್ಪ ಉಸಿರೆಳೆದ. ಅದೇ ಸಿಳ್ಳು.

ಗುರುಬಸವ ಫೋನಿನತ್ತ ನೋಡಿದರು. ಆಮೇಲೆ ಅವನತ್ತ.

“ಮೌಲಾನ ಧ್ವನಿ ದೂರ ಐತಿ, ಉಸರು ಹತ್ರ ಐತಿ,” ಎಂದಳು ನೇತ್ರಾವತಿ. “ಅಂದ್ರ ಫೋನು ಉಸರು ತಗೊಂಡವನ ಎದಿ ಕಿಸೆದಾಗ ಇತ್ತು. ಮಾತು ಮುಗಿದ ಕೂಡ್ಲೆ ಉಸರು ತಗೊಳ್ಳಾವ ಯಾರು? ಅಂಕಿತ ಹಾಡಾವ. ಮ್ಯಾಳದಾಗ ಅಂವ ಒಬ್ಬನ. ಮುಂದ ಹಲಗಿ ಕೇಳಬಾರದಂತ ಒಂದು ಕತ್ತರಿ ಹಾಕಿದಿ. ಹಿಂದ ಅಂಕಿತ ಬರಬಾರದಂತ ಇನ್ನೊಂದು. ನಡುವ ಉಳಿದದ್ದು ಬಾಂಬ್ ಹಾಕಾವನ ಮಾತಾತು. ಬರೇ ಪದ ಅಂತ ಗೊತ್ತಾಗ್ತದಂತ ಕತ್ತರಿಸಿದೇನು ಅಂಕಿತ?”

ಗಾಳೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಹಿಟ್ಟಿನ ಕೆಳಗಿನಿಂದ ಮುದುಕನ ಮುಖ ಹೊರಬಂತು.

“ಅದೂ ಹೌದ್ರಿ ಅಕ್ಕಾರ. ಆದ್ರ ಅದರಾಗ ನಮ್ಮ ಗುರುವಿನ ಹೆಸರೈತ್ರಿ. ಸುಳ್ಳಿನಾಗ ಆ ಹೆಸರು ಹೆಂಗ ತರ್ಲಿ?”

“ಮೌಲಾನ ಹೆಸರು ತರಬಹುದಿತ್ತೇನು?” ಗುರುಬಸವ ಕೇಳಿದರು.

ಗಾಳೆಪ್ಪ ಗೋಡೆಯ ಗೂಡಿಗೆ ಕೈ ಹಾಕಿ ಒಂದು ಸಣ್ಣ ಸಿಮ್ ತೆಗೆದು ಚೀಲದ ಮೇಲಿಟ್ಟ.

“ಹೋದ ವರ್ಷದ್ದು ರಿ ಅದು. ಪೂರ್ತಿ ಇದ್ದದ್ದು ಅಳಿಸೀನಿ. ಹಬ್ಬ ಮುಗಿಯೂತನಕ ಠಾಣೆದಾಗ ಕುಂಡ್ರಸ್ತಾರ, ಆಮ್ಯಾಲ ಬಿಡ್ತಾರ ಅನ್ಕೊಂಡಿದ್ದೆ. ಅಷ್ಟರಾಗ ಯಾರರೆ ಪದ ಅಂತ ಗುರ್ತು ಹಿಡದ ಹಿಡೀತಾರ ಅನ್ಕೊಂಡಿದ್ದೆ.” ಅವನು ಕೆಮ್ಮಿದ. “ನಾ ಕತ್ತರಿಸಿದ್ದು ಖರೇ. ನೀವು ಇಷ್ಟು ಜಲ್ದಿ ನಂಬ್ತೀರಿ ಅಂತ ಅನಿಸಿರಲಿಲ್ರಿ. ಸಾಹೇಬ್ರ, ಒಂದು ಕೇಳ್ತೀನಿ. ಅದರಾಗ ನನ್ನ ಧ್ವನಿ ಇದ್ದಿದ್ರ ನಂಬ್ತಿದ್ರೇನು?”

ಗುರುಬಸವ ತಮ್ಮ ಬೂಟಿನ ಮೇಲೆ ಕೂತ ಹಿಟ್ಟು ನೋಡುತ್ತ ನಿಂತರು. ನೇತ್ರಾವತಿಗೆ ಉತ್ತರ ಗೊತ್ತಿತ್ತು.

“ಜೀಪು ಹತ್ತು,” ಎಂದ ಹನುಮೇಶ ಗಾಳೆಪ್ಪನಿಗೆ, ಮೆಲ್ಲಗೆ.

*

ತನಿಖಾ ತಂಡದ ಗಾಡಿ ಬಂತು. ಗುರುಬಸವ ಅವರೊಡನೆ ಬಾಗಿಲು ಹಾಕಿಕೊಂಡು ಮಾತಾಡಿದರು. ಗಾಡಿ ಖಾಲಿ ಹೋಯಿತು. ಗಾಳೆಪ್ಪ ಒಳಗಿನ ಕೋಣೆಗೆ ಹೋದ. ಮೌಲಾಹುಸೇನ ಹೊರಗೆ ಬಂದ. ದಾರಿಯಲ್ಲಿ ಇಬ್ಬರೂ ಎದುರಾದರು. ಮೌಲಾಹುಸೇನ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಅಷ್ಟೆ.

ಗುರುಬಸವ ಒಂದು ಹಾಳೆ ಮುಂದೆ ಮಾಡಿದರು. ನಾನಾಗಿಯೇ ವಿಚಾರಣೆಗೆ ಬಂದಿದ್ದೆ, ಪೊಲೀಸರಿಂದ ಯಾವ ತೊಂದರೆಯೂ ಆಗಿಲ್ಲ ಎಂಬ ಒಕ್ಕಣೆ. “ಇದೊಂದು ಸಹಿ ಬೇಕಾಗಿತ್ತಪಾ,” ಎಂದರು. ಅವರ ಧ್ವನಿ ಸಣ್ಣಗಿತ್ತು.

ಅವನು ಒಲ್ಲೆ ಅನ್ನಲಿ ಎಂದು ನೇತ್ರಾವತಿ ಮನಸ್ಸಿನಲ್ಲೇ ಬೇಡಿಕೊಂಡಳು. ಅಂದಿದ್ದರೆ ಅವನ ಬೆನ್ನಿಗೆ ನಿಲ್ಲಬಹುದಿತ್ತು. “ಓದಿ ಹಾಕ್ರಿ,” ಎಂದಳು.

“ಓದಿದ್ರ ಬದಲಾಗ್ತೈತೇನ್ರಿ?” ಅವನು ಸಹಿ ಹಾಕಿ ಪೆನ್ನು ಹಿಂದಕ್ಕೆ ಕೊಟ್ಟ. ಗುರುಬಸವ ಹಾಳೆ ಮಡಚಿಕೊಂಡು ಒಳಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅದೇ ಕೋಣೆ. ಧ್ವನಿ ತಾಳೆ ನೋಡಲು ಅವನಿಂದ ಆ ನಾಲ್ಕು ಸಾಲನ್ನು ಮತ್ತೆ ಮತ್ತೆ ಹೇಳಿಸಿ ರೆಕಾರ್ಡ್ ಮಾಡಿದ್ದು ಇಲ್ಲಿಯೇ. ಪ್ರತಿ ಸಲ ನಾಲ್ಕನೆಯ ಸಾಲಿನ ಕೊನೆಗೆ ಅವನು ಉಸಿರು ತೆಗೆದುಕೊಳ್ಳುತ್ತಿದ್ದ. “ಅರ್ಧಕ್ಕ ಬಿಡಬಾರದ್ರಿ, ಪೂರ್ತಿ ಮಾಡ್ಲೇನ್ರಿ?” ಎನ್ನುತ್ತಿದ್ದ. “ಮುಂದಿಂದು ಬ್ಯಾಡ, ಸುಮ್ನಿರು,” ಎನ್ನುತ್ತ ಗುಂಡಿ ಒತ್ತಿದವಳು ನೇತ್ರಾವತಿ. ಗಾಳೆಪ್ಪ ಒಂದು ಸಲ ಕತ್ತರಿಸಿದ್ದ. ಅವಳು ಎಷ್ಟು ಸಲವೋ.

“ಮೌಲಾಹುಸೇನ.” ಅವಳು ಎದ್ದು ನಿಂತಳು. “ಆ ಪದ ಒಮ್ಮಿ ಪೂರ್ತಿ ಹಾಡ್ರಿ. ಅಂಕಿತ ಸಮೇತ. ಕೇಸಿಗೂ ಬೇಕು. ನನಗೂ ಕೇಳಬೇಕಾಗೈತಿ. ಈಗ ಯಾರೂ ತಡಿಯಂಗಿಲ್ಲ.”

ಅವನು ಚಪ್ಪಲಿ ಹುಡುಕುತ್ತಿದ್ದ. ಬೆಂಚಿನ ಕೆಳಗೆ ಸಿಕ್ಕಿತು. ಮೆಟ್ಟಿಕೊಂಡ.

“ಸಹಿ ಬೇಕಂದ್ರಿ, ಕೊಟ್ಟೆ. ಇನ್ನೂ ಬೇಕಿದ್ರ ತರ್ರಿ, ಹಾಕ್ತೀನಿ. ಪದ ಇಲ್ಲಿ ಹಾಡಂಗಿಲ್ಲ.”

“ಹಂಗಾರ ಹಬ್ಬದಾಗ ಬರ್ತೀನಿ. ಹಿಂದ ಎಲ್ಲರೆ ನಿಂತು ಕೇಳ್ತೀನಿ.”

“ಬರಬ್ಯಾಡ್ರಿ ಮೇಡಂ,” ಎಂದ ಮೌಲಾಹುಸೇನ. “ನೀವು ನಿಂತಲ್ಲಿ ನಾ ಹಾಡಂಗಿಲ್ಲ.”