ಎಪ್ಪತ್ತೈದು ಜೂಲ್

"ನಿಮ್ಮ ಲೆಕ್ಕ ತಪ್ಪುಂಟು, ಟೀಚರ್," ಎಂದು ಹಿಂದಿನ ಬೆಂಚಿನಿಂದ ಶೇಖರ ಹೇಳಿದಾಗ ಮಕ್ಕಳೆಲ್ಲ ಕಿಸಕ್ಕೆಂದರು.

ಅದು ೨೦೦೩. ನಾವಿಬ್ಬರೂ ಬಿ.ಎಡ್. ಓದುವವರು, ಕಾರ್ಕಳದ ಹೈಸ್ಕೂಲೊಂದಕ್ಕೆ ಪಾಠದ ಅಭ್ಯಾಸಕ್ಕೆ ಬಂದಿದ್ದೆವು. ಸೋಮವಾರದಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೆ. ನನ್ನನ್ನೇ ಮದುವೆಯಾಗುತ್ತೇನೆಂದು ಮನೆಯಲ್ಲಿ ಹೇಳಿದವನು, ನನ್ನ ಅಪ್ಪ ಕಂಟ್ರಾಕ್ಟರ್ ಎಂಬ ಸುಳ್ಳನ್ನೂ ಸೇರಿಸಿದ್ದ! ಅವನ ಅಮ್ಮ ಸರಸ ಟೀಚರ್ ಇದೇ ಶಾಲೆಯವರು. ನನ್ನ ಪಾಠ ನೋಡಲು ಕಿಟಕಿಯ ಪಕ್ಕ ಕುಳಿತಿದ್ದರು.

ಕಿಟಕಿಯಾಚೆ ಶಾಲೆಯ ಮಾಡಿಗೆ ಹೊಸ ಹೆಂಚು ಹಾಕುತ್ತಿದ್ದರು. ಬಾಗಲಕೋಟೆಯಿಂದ ದುಡಿಯಲು ಬಂದ ನನ್ನ ಅಪ್ಪ ಮಲಕಪ್ಪ ಕೆಳಗೆ ನಿಂತು ಒಂದೊಂದೇ ಹೆಂಚು ಮೇಲಕ್ಕೆ ಎಸೆಯುತ್ತಿದ್ದ. ಏಣಿಯ ಮೇಲಿದ್ದ ಜೊತೆಗಾರ ಭೀಮೇಶನ ಕೈಯೆದುರು ಹೆಂಚು ಒಂದು ಕ್ಷಣ ನಿಂತೇಬಿಡುತ್ತಿತ್ತು. ಅವನು ಕಪಾಟಿನಿಂದ ತೆಗೆದ ಹಾಗೆ ತೆಗೆದುಕೊಳ್ಳುತ್ತಿದ್ದ. ಅಪ್ಪನ ಆ ಎಸೆತ ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ.

ಅದನ್ನೇ ಬೋರ್ಡಿನ ಮೇಲೆ ಲೆಕ್ಕ ಮಾಡಿದ್ದೆ. ಹೆಂಚು ಎರಡೂವರೆ ಕಿಲೋ, ಎಸೆದ ಕೈಯಿಂದ ಎತ್ತರ ಮೂರು ಮೀಟರ್, ಗುರುತ್ವ ಹತ್ತು. ಮೇಲೆ ತಲುಪಿದಾಗ ಪ್ರಚ್ಛನ್ನ ಶಕ್ತಿ ಎಪ್ಪತ್ತೈದು ಜೂಲ್.

"ನೆಲದಿಂದ ನಾಲ್ಕೂವರೆ ಮೀಟರ್ ಉಂಟಲ್ವಾ?" ಶೇಖರ ಹುಬ್ಬು ಹಾರಿಸಿದ. ನನ್ನನ್ನು ಮಾತಾಡಿಸಲು ಅವನಿಗೆ ಸಿಕ್ಕಿದ ದಾರಿ ಅದೊಂದೇ.

"ಹೆಂಚು ಹೊರಟದ್ದು ಕೈಯಿಂದ. ಆ ಕೈ ಎಷ್ಟು ಎತ್ತರಕ್ಕೆ ಎಸೆಯಿತೋ ಅಷ್ಟೇ ಸಾಕು. ಇಲ್ಲದ ಎತ್ತರ ಸೇರಿಸಬೇಡಿ, ಸರ್."

ಅವನ ನಗು ಮಾಯವಾಯಿತು, ಕಿವಿ ಕೆಂಪಾಯಿತು. ಎದ್ದು ನಿಂತ.

"ಅಮ್ಮಾ, ಅಲ್ಲಿ ಹೆಂಚು ಎಸೆಯುವವರುಂಟಲ್ವಾ, ಅವರೇ ನಾಗವೇಣಿಯ ಅಪ್ಪ. ಕಂಟ್ರಾಕ್ಟರ್ ಅಂತ ನಾನು ಸುಳ್ಳು ಹೇಳಿದ್ದು."

ನಾನು ತಲೆ ತಗ್ಗಿಸಲಿಲ್ಲ.

ಸರಸ ಟೀಚರ್ ತುಂಬ ಹೊತ್ತು ಹೊರಗೆ ನೋಡಿದರು. ಒಂದು ಹೆಂಚು ಏರಿತು, ಇನ್ನೊಂದು ಏರಿತು. "ಒಂದೂ ಒಡೆಯುವುದಿಲ್ಲ!" ಎಂದರು. ಮತ್ತೆ ಮಗನತ್ತ ತಿರುಗಿ, "ಇದರಲ್ಲಿ ಮುಚ್ಚಿಡಲಿಕ್ಕೆ ಎಂತ ಉಂಟು ಮಾರಾಯ? ಹೋಗು, ಹೆಣ್ಣು ನೀನೇ ಕೇಳು."

ಗಂಟೆ ಹೊಡೆದ ಮೇಲೆ ಶೇಖರ ಅಪ್ಪನೆದುರು ಕೈ ಮುಗಿದು ಕೇಳಿಯೇಬಿಟ್ಟ. ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಭೀಮೇಶನನ್ನು ಕೆಳಗಿಳಿಸಿ ಏಣಿ ತೋರಿಸಿದ. "ಏರ್ರಿ ಮ್ಯಾಲ. ಮೊದಲು ಇದೊಂದು ಹಿಡೀರಿ."

ಹೆಂಚು ಏರಿತು, ಅವನ ಮುಂದೆ ನಿಂತಿತು. ಶೇಖರ ಅದನ್ನು ಎದೆಗವಚಿಕೊಂಡು ಮೇಲಿನಿಂದಲೇ ಕೂಗಿದ: "ಎಪ್ಪತ್ತೈದೇ, ಟೀಚರ್! ಸರಿ ಉಂಟು!"

"ಏನಂತಾನವ್ವ?" ಅಪ್ಪ ಕೇಳಿದ.

"ನಿನ್ನ ಕೈ ಲೆಕ್ಕ ಒಪ್ಪ್ಯಾನಂತ, ಅಪ್ಪ," ಎಂದೆ. "ನಾನೂ ಅವನ್ನ ಒಪ್ಪೀನಿ."